ಹಳೇ ವಾಚನಾಲಯದ ಪುಸ್ತಕಗಳು: ಬೈಂಡಿಂಗ್‌ಗೆ ಕೊಡೋದಾ, ಹಾಗೇ ಬಿಡೋದಾ?

ಆರಿದ್ರ ಮಳೆ ಕೇಳಿದ್ದು:

ನಮಸ್ಕಾರ. ಸಾಗರದ ಕಡೆಯ ನಮ್ಮೂರಲ್ಲಿ ಸ್ವಾತಂತ್ರ್ಯಕ್ಕೂ ಮೊದಲು ಊರವರೇ ಸೇರಿ ಶುರು ಮಾಡಿದ ಒಂದು ವಾಚನಾಲಯ ಇದೆ. ಹಂಚಿನ ಮಾಡು, ಮಣ್ಣಿನ ಗೋಡೆ, ಗಾಜಿನ ಬಾಗಿಲಿನ ನಾಲ್ಕು ಮರದ ಕಪಾಟು. ಪೇಪರ್ ಓದುವುದಕ್ಕೆ ಈಗಲೂ ಜನ ಬರುತ್ತಾರೆ. ಕಪಾಟಿನ ಬೀಗ ಮಾತ್ರ ಎಷ್ಟೋ ವರ್ಷದಿಂದ ಯಾರೂ ತೆಗೆದಿರಲಿಲ್ಲ. ಈ ಸಲ ಸಮಿತಿಗೆ ನಾವು ಕೆಲವರು ಹೊಸಬರು ಸೇರಿದ ಮೇಲೆ ತೆಗೆಸಿ ನೋಡಿದೆವು.

ಕಿಟೆಲ್ ನಿಘಂಟಿನ 1894ರ ಮುದ್ರಣದ ಒಂದು ಪ್ರತಿ ಇದೆ. ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನವೇ ಇನ್ನೂ ಕೆಲವು ಇವೆ. 1930–40ರ ದಶಕದ ಮಾಸಪತ್ರಿಕೆಗಳ ಕಟ್ಟುಗಳು, ಸಣ್ಣ ಪ್ರೆಸ್ಸುಗಳಲ್ಲಿ ಅಚ್ಚಾದ ಯಕ್ಷಗಾನ ಪ್ರಸಂಗದ ಪುಸ್ತಿಕೆಗಳು, ಹಳೇ ಪಠ್ಯಪುಸ್ತಕ, ಪಂಚಾಂಗ, ಮತ್ತೆ ವಾಚನಾಲಯದ್ದೇ ಕೈಬರಹದ ನಡವಳಿ ಪುಸ್ತಕಗಳು. ಕೆಲವು ಗಟ್ಟಿಯಾಗಿವೆ. ಇನ್ನು ಕೆಲವು ಪುಟ ಮಗುಚಿದರೆ ಸಾಕು, ಅಂಚು ಹಪ್ಪಳದ ಹಾಗೆ ಮುರಿಯುತ್ತದೆ. ಕೆಳಗಿನ ತಟ್ಟಿನಲ್ಲಿ ಬೂಸ್ಟು ಬಂದಿದೆ, ಅಲ್ಲಲ್ಲಿ ಹುಳು ಕೊರೆದ ತೂತು.

ಊರಿನವರೇ ಒಬ್ಬರು 50 ಸಾವಿರ ಕೊಡುತ್ತೇನೆ ಅಂದಿದ್ದಾರೆ. ಹಿರಿಯರ ಯೋಚನೆ ಏನಂದರೆ ಎಲ್ಲವನ್ನೂ ಪೇಟೆಗೆ ಒಯ್ದು ಅಂಚು ಕಟ್ ಮಾಡಿಸಿ ಹೊಸ ರಟ್ಟು ಹಾಕಿಸುವುದು, ತೀರಾ ಹಾಳಾದ ಹಾಳೆಗೆ ಲ್ಯಾಮಿನೇಷನ್, ಕಪಾಟಿಗೆ ನುಸಿಗುಳಿಗೆ. ಅವರಿಗೆ ಪುಸ್ತಕದ ಮೇಲೆ ಪ್ರೀತಿ ಇದೆ, ಅದಕ್ಕೇ ಹೀಗೆ ಹೇಳುತ್ತಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನನಗೆ ಯಾಕೋ ಧೈರ್ಯ ಬರುತ್ತಿಲ್ಲ. ಮುಂದಿನ ವಾರ ಸಭೆ. ಈ ಕೆಲಸ ಗೊತ್ತಿರುವವರು ಏನು ಹೇಳುತ್ತೀರಿ? ಹಣವನ್ನು ಮೊದಲು ಯಾವುದಕ್ಕೆ ಹಾಕಬೇಕು?

ಕಾಗದದ ಕೆಲಸ ಉತ್ತರ:

ನಾನು ಕಾಗದ ಸಂರಕ್ಷಣೆಯ ಕೆಲಸವನ್ನೇ ಮಾಡುವವಳು. ಸಭೆಯಲ್ಲಿ ಬೇರೇನೂ ಹೇಳಲು ಆಗದಿದ್ದರೂ ಲ್ಯಾಮಿನೇಷನ್ ಬೇಡ ಅಂತ ಮಾತ್ರ ಹೇಳಿಬಿಡಿ. ಅಂಗಡಿಯ ಲ್ಯಾಮಿನೇಷನ್‌ನಲ್ಲಿ ಬಿಸಿಗೆ ಅಂಟು ಕರಗಿ ಕಾಗದದ ಎಳೆಗಳ ಒಳಗೇ ಹೋಗಿ ಕೂರುತ್ತದೆ. ಆಮೇಲೆ ಹಾಳೆಗೆ ಪೆಟ್ಟಾಗದ ಹಾಗೆ ಅದನ್ನು ಬಿಡಿಸಲು ಆಗುವುದಿಲ್ಲ. ಒಳಗಿನ ಕಾಗದ ಕಂದಾಗುತ್ತಾ ಹೋಗುತ್ತದೆ, ನಾವು ಏನೂ ಮಾಡುವ ಹಾಗಿರುವುದಿಲ್ಲ. ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದಲ್ಲೇ ಕಳೆದ ಶತಮಾನದಲ್ಲಿ ಸೆಲ್ಯುಲೋಸ್ ಅಸಿಟೇಟ್ ಅನ್ನುವ ತೆಳು ಪ್ಲಾಸ್ಟಿಕ್ ಹಾಳೆ, ತೆಳು ಟಿಶ್ಯೂ, ಅದನ್ನು ಕರಗಿಸುವ ಅಸಿಟೋನ್ ದ್ರವ ಬಳಸಿ ಕೈಯಲ್ಲೇ ಲ್ಯಾಮಿನೇಷನ್ ಮಾಡುವ ಒಂದು ವಿಧಾನ ರೂಪಿಸಿದ್ದರು. ಆ ಕಾಲಕ್ಕೆ ಅದು ದೊಡ್ಡ ಮಾತು, ಎಷ್ಟೋ ದಾಖಲೆಗಳು ಅದರಿಂದ ಕೈಗೆ ಸಿಗುವಂತೆ ಉಳಿದವು. ಆದರೆ ಅಸಿಟೇಟ್ ವಯಸ್ಸಾದ ಮೇಲೆ ತಾನೇ ಆಮ್ಲ ಬಿಡಲು ಶುರು ಮಾಡುತ್ತದೆ, ವಿನೆಗರ್ ವಾಸನೆ ಬರುತ್ತದೆ. ಅಷ್ಟು ಎಚ್ಚರಿಕೆಯಿಂದ ಮಾಡಿದ್ದರ ಗತಿಯೇ ಹೀಗಾದರೆ ಪೇಟೆಯ ಮಷಿನ್ನಿನ ಮಾತು ಬಿಡಿ.

ಇನ್ನು ಅಂಚು ಯಾಕೆ ಮುರಿಯುತ್ತದೆ ಅನ್ನುವುದು. ಹಿಂದೆ ಕಾಗದವನ್ನು ಹತ್ತಿ, ನಾರುಬಟ್ಟೆಯ ಚಿಂದಿಯಿಂದ ಮಾಡುತ್ತಿದ್ದರು. 1850ರ ನಂತರ ಮರದ ತಿರುಳು ಬಂತು, ಅದಕ್ಕೆ ಶಾಯಿ ಹರಡದಿರಲಿ ಅಂತ ಪಟಿಕ ಮತ್ತು ರಾಳ ಸೇರಿಸಿದರು. ಪಟಿಕ ತೇವದ ಜೊತೆ ಸೇರಿ ಆಮ್ಲವಾಗುತ್ತದೆ. ಆ ಆಮ್ಲ ಕಾಗದದ ಎಳೆಗಳನ್ನು ಒಳಗಿನಿಂದಲೇ ತುಂಡು ಮಾಡುತ್ತಾ ಬರುತ್ತದೆ. ಮರದಲ್ಲಿರುವ ಲಿಗ್ನಿನ್ ಬೆಳಕಿಗೆ ಹಳದಿಯಾಗುತ್ತದೆ. ನಿಮ್ಮ ಕಪಾಟಿನಲ್ಲೇ ನೋಡಬಹುದು: ನಿಘಂಟಿನ ಒಂದು ಹಾಳೆ, 1940ರ ದಶಕದ ಪತ್ರಿಕೆಯ ಒಂದು ಹಾಳೆ ಪಕ್ಕಪಕ್ಕ ಬಿಚ್ಚಿಡಿ. ಹಳೆಯದೇ ಗಟ್ಟಿಯಾಗಿರುವ ಸಾಧ್ಯತೆ ಜಾಸ್ತಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಕಾಗದಕ್ಕೆ ಬರ ಇತ್ತು, ಸರ್ಕಾರದ ಹತೋಟಿ ಇತ್ತು, ಸಿಕ್ಕಿದ ಕಾಗದದಲ್ಲಿ ಅಚ್ಚು ಹಾಕುತ್ತಿದ್ದರು. ಹಾಗಾಗಿ ವರ್ಷ ನೋಡಿ ಯಾವುದು ಅಪಾಯದಲ್ಲಿದೆ ಅಂತ ನಿರ್ಧರಿಸಬೇಡಿ. ಮುಟ್ಟಿ ನೋಡಿ.

ಆಮ್ಲ ತೆಗೆಯುವ ಚಿಕಿತ್ಸೆ ಇದೆ, ಆದರೆ ಅದು ಲ್ಯಾಬಿನ ಕೆಲಸ. ಸಾಮಾನ್ಯವಾಗಿ ಹಾಳೆಯನ್ನು ನೀರಿಗೆ ಒಡ್ಡಬೇಕಾಗುತ್ತದೆ, ಶಾಯಿ ಕದಡಬಹುದು. ಮನೆಯಲ್ಲಿ ಮಾಡಲು ಹೋಗಬೇಡಿ. ನೀವು ಮಾಡಬಹುದಾದ್ದು ತೇವ, ಬಿಸಿ, ಬೆಳಕು, ಧೂಳು ಇವನ್ನು ಕಡಿಮೆ ಮಾಡುವುದು. ಕೇಳಲು ಸಪ್ಪೆ ಅನಿಸುತ್ತದೆ, ಆದರೆ 50 ಸಾವಿರದಲ್ಲಿ ಅತಿ ಹೆಚ್ಚು ಪುಸ್ತಕಗಳಿಗೆ ಆಯುಸ್ಸು ಕೊಡುವುದು ಇದೇ. ಮಾಡು ಸೋರುತ್ತಿದ್ದರೆ ಮೊದಲ ರೂಪಾಯಿ ಹಂಚಿಗೆ ಹೋಗಲಿ.

ಹರಿದ ಹಾಳೆಗೆ ಸೆಲ್ಲೋಟೇಪ್ ಬೇಡ, ಫೆವಿಕಾಲ್ ಬೇಡ. ಟೇಪಿನ ಅಂಟು ಕೆಲವು ವರ್ಷಕ್ಕೇ ಕಂದಾಗಿ ಕಾಗದದೊಳಗೆ ಇಳಿಯುತ್ತದೆ, ಟೇಪ್ ಉದುರಿದರೂ ಕಲೆ ಉಳಿಯುತ್ತದೆ. ನಾವು ಬಳಸುವುದು ಜಪಾನಿ ಟಿಶ್ಯೂ ಅನ್ನುವ ತೆಳು, ಗಟ್ಟಿ ಎಳೆಯ ಕಾಗದ, ಜೊತೆಗೆ ಗೋಧಿ ಪಿಷ್ಟದ ತೆಳು ಅಂಟು. ಸ್ವಲ್ಪ ತೇವ ಕೊಟ್ಟರೆ ಬಿಟ್ಟುಕೊಳ್ಳುತ್ತದೆ. ನಾಳೆ ಇನ್ನೊಬ್ಬರು ಬಂದು ನಮ್ಮ ಕೆಲಸವನ್ನು ಬಿಚ್ಚಲು ಆಗಬೇಕು, ಅದು ಮುಖ್ಯ.

ಹೊಲಿಗೆ ರಟ್ಟು ಉತ್ತರ:

ಮೇಡಂ ಹೇಳಿದ್ದು ಸರಿ. ಆದರೆ ಬೈಂಡರ್ ಅಂದರೆ ಪುಸ್ತಕ ಹಾಳು ಮಾಡುವವರು ಅಂತ ಯಾರೂ ತಿಳಿಯಬಾರದು, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮದು ಅಪ್ಪನ ಕಾಲದಿಂದ ಬೈಂಡಿಂಗ್ ಕೆಲಸ. ಏನು ಬೇಕು ಅಂತ ಸರಿಯಾಗಿ ಹೇಳಿದರೆ ಮಾಡಿಕೊಡುವವರು ಇದ್ದಾರೆ. ಗಿರಾಕಿಗಳೇ "ನೀಟಾಗಿ ಕಾಣಬೇಕು" ಅಂತಾರೆ, ನೀಟು ಅಂದರೆ ಕಟಿಂಗ್ ಮಷಿನ್.

ಸರ್, ಒಂದು, ಅಂಚು ಕಟ್ ಮಾಡಿಸಲೇಬೇಡಿ. ಒಮ್ಮೆ ಕಟ್ ಮಾಡಿದರೆ ಅರ್ಧ ಸೆಂಟಿಮೀಟರ್ ಹೋಗುತ್ತದೆ. ಮುಂದಿನ ಸಲ ಇನ್ನರ್ಧ. ಬದಿಯಲ್ಲಿ ಯಾರೋ ಓದುಗರು ಬರೆದ ಟಿಪ್ಪಣಿ ಹೋಯಿತು, ಪುಟದ ನಂಬರ್ ಹೋಯಿತು, ಮೂರನೇ ಸಲಕ್ಕೆ ಅಕ್ಷರಕ್ಕೇ ಬರುತ್ತದೆ. ಎರಡನೆಯದು, ಪತ್ರಿಕೆ ಕಟ್ಟುವಾಗ ಮುಖಪುಟ, ಜಾಹೀರಾತಿನ ಹಾಳೆ ಕಿತ್ತು ಬಿಸಾಡುವ ರೂಢಿ ಎಲ್ಲಾ ಕಡೆ ಇತ್ತು. ಇವತ್ತು ಹಳೇ ಪತ್ರಿಕೆ ಹುಡುಕಿ ಬರುವವರು ಮೊದಲು ಕೇಳುವುದು ಆ ಜಾಹೀರಾತುಗಳನ್ನೇ. ಯಾವ ಊರಲ್ಲಿ ಯಾವ ಔಷಧಿ, ಯಾವ ಸೋಪು, ಚಂದಾ ಎಷ್ಟು, ಎಲ್ಲಾ ಅಲ್ಲಿರುತ್ತದೆ. ನಿಮ್ಮ ಕಟ್ಟುಗಳಲ್ಲಿ ಅವು ಉಳಿದಿದ್ದರೆ ಬಹಳ ಒಳ್ಳೆಯದು.

ಇನ್ನು ಅಂಟಿನ ವಿಷಯ. ನಮ್ಮಲ್ಲಿ ಮೈದಾ ಅಂಟು ಕುದಿಸುವಾಗ ಹುಳು ಬರಬಾರದು ಅಂತ ಮೈಲುತುತ್ತ ಹಾಕುತ್ತಾರೆ. ನೀವು ಅಡಿಕೆ ಸೀಮೆಯವರು, ಕೊಳೆರೋಗಕ್ಕೆ ಬೋರ್ಡೋ ಹೊಡೆಯುವಾಗ ಸುಣ್ಣದ ಜೊತೆ ಕಲಸುತ್ತೀರಲ್ಲ, ಅದೇ ನೀಲಿ ಕಲ್ಲು. ಅದಿದ್ದರೆ ಹುಳು ಹತ್ತಿರ ಬರುವುದಿಲ್ಲ ನಿಜ. ಆದರೆ ಅದರಲ್ಲಿರುವ ತಾಮ್ರ ಕಾಗದವನ್ನು ಸುಡುತ್ತದೆ. ಹಳೇ ಬೈಂಡಿಂಗ್ ಬಿಚ್ಚಿದಾಗ ಅಂಟು ತಾಗಿದ ಕಡೆ ಉದ್ದಕ್ಕೆ ಕಂದು ಪಟ್ಟೆ ಬಂದು, ಅಲ್ಲಿಗೇ ಹಾಳೆ ತುಂಡಾಗಿದ್ದನ್ನು ಬೇಕಾದಷ್ಟು ನೋಡಿದ್ದೇನೆ. ಯಾರಿಗೆ ಕೊಟ್ಟರೂ "ಮೈಲುತುತ್ತ ಹಾಕಬೇಡಿ, ಅಂಟು ಆವತ್ತೇ ಕುದಿಸಿ, ತೆಳುವಾಗಿ ಹಚ್ಚಿ" ಅಂತ ಹೇಳಿ.

ಪಿನ್ ಹೊಡೆದ ಪುಸ್ತಿಕೆಗಳು ಇವೆಯಾ? ಪ್ರಸಂಗದ ಪುಸ್ತಕಗಳೆಲ್ಲಾ ಸಾಮಾನ್ಯವಾಗಿ ಹಾಗೇ ಇರುತ್ತವೆ. ಮಲೆನಾಡ ಥಂಡಿಗೆ ಪಿನ್ ತುಕ್ಕು ಹಿಡಿದು ಸುತ್ತಲಿನ ಕಾಗದ ತಿನ್ನುತ್ತದೆ. ಪಿನ್ನಿನ ಕಾಲುಗಳನ್ನು ಹಿಂದಿನಿಂದ ಮೆಲ್ಲಗೆ ನೆಟ್ಟಗೆ ಮಾಡಿ, ಎಳೆಯದೆ ಎತ್ತಿ ತೆಗೆದು, ಅದೇ ತೂತುಗಳಲ್ಲಿ ಬಿಳಿ ಹತ್ತಿ ದಾರ ಹಾಕಿ ಕಟ್ಟಿ. ಇದಕ್ಕೆ ಬೈಂಡರ್ ಬೇಡ. ನಿಮ್ಮಲ್ಲಿ ಕೈ ಹಗುರ ಇರುವವರು ಯಾರಾದರೂ ಮಾಡಬಹುದು.

ಕಡಲ ಗಾಳಿ ಉತ್ತರ:

ಉಡುಪಿ ಕಡೆ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನಿಮ್ಮ ಮಳೆಗೂ ನಮ್ಮ ಮಳೆಗೂ ದೊಡ್ಡ ವ್ಯತ್ಯಾಸ ಇಲ್ಲ ಮಾರಾಯ್ರೇ. ಬೂಸ್ಟಿನ ಬಗ್ಗೆ ಹೇಳುತ್ತೇನೆ, ಯಾಕೆಂದರೆ ನಿಮ್ಮ ದೊಡ್ಡ ಶತ್ರು ಅದೇ.

ಗಾಳಿಯಲ್ಲಿ ತೇವಾಂಶ ಶೇ 65 ದಾಟಿ ಹಾಗೇ ಇದ್ದರೆ ಬೂಸ್ಟು ಏಳುತ್ತದೆ. ಪುನರ್ವಸು, ಪುಷ್ಯ ಮಳೆ ಹೊತ್ತಿಗೆ ನಿಮ್ಮಲ್ಲಿ 90 ಇರುತ್ತದೆ. ತೇವಾಂಶ ತೋರಿಸುವ ಸಣ್ಣ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಒಂದು ಕಪಾಟಿನ ಒಳಗೆ, ಒಂದು ಹೊರಗೆ ಇಡಿ. ಗಾಜಿನ ಬಾಗಿಲು ಮುಚ್ಚಿದ ಕಪಾಟು ಚಂದ ಕಾಣುತ್ತದೆ, ಆದರೆ ಒಳಗಿನ ಗಾಳಿ ಓಡಾಡದೆ ಥಂಡಿ ಅಲ್ಲೇ ನಿಲ್ಲುತ್ತದೆ. ಕಪಾಟನ್ನು ಗೋಡೆಯಿಂದ ಒಂದು ಗೇಣು ಮುಂದೆ ತನ್ನಿ. ಮಣ್ಣಿನ ಗೋಡೆ ಅಂದಿರಿ, ಒರಲೆ ಬರುವುದೂ ಅಲ್ಲಿಂದಲೇ. ಕೆಳಗಿನ ತಟ್ಟು ಖಾಲಿ ಮಾಡಿ. ಮರದ ಕಪಾಟಿನ ಹಿಂಬದಿ ಹಲಗೆಯಲ್ಲಿ ತೂತು ಕೊರೆಸಿ, ತೆಳು ಜಾಲರಿ ಹೊಡೆಸಿ. ಕೋಣೆಗೆ ಒಂದು ಫ್ಯಾನ್, ದಿನಾ ಸ್ವಲ್ಪ ಹೊತ್ತು. ಕರೆಂಟ್ ಸರಿ ಇದ್ದರೆ ತೇವ ಹೀರುವ ಡಿಹ್ಯುಮಿಡಿಫೈಯರ್ ಮಷಿನ್ ಒಂದು ತನ್ನಿ, ಮಳೆಗಾಲದ ನಾಲ್ಕು ತಿಂಗಳು ಕಿಟಕಿ ಮುಚ್ಚಿ ಓಡಿಸಿ. ದಾನಿಯ ಹಣದ ದೊಡ್ಡ ಪಾಲು ಇಲ್ಲಿಗೆ ಹೋದರೆ ತಪ್ಪಿಲ್ಲ.

ಬೂಸ್ಟು ಬಂದ ಪುಸ್ತಕವನ್ನು ಒದ್ದೆ ಇರುವಾಗ ಒರೆಸಬೇಡಿ. ಬಣ್ಣ ಕಾಗದದೊಳಕ್ಕೆ ಇಳಿಯುತ್ತದೆ. ಬೇರೆ ಕೋಣೆಗೆ ಒಯ್ದು ಫ್ಯಾನ್ ಗಾಳಿಗೆ ಪೂರ್ತಿ ಒಣಗಿಸಿ. ಬೂಸ್ಟು ಪುಡಿಪುಡಿ ಆದ ಮೇಲೆ ಹೊರಗೆ ಜಗಲಿಯಲ್ಲಿ ಕೂತು ಮೆತ್ತನೆ ಬ್ರಷ್‌ನಿಂದ ಬೆನ್ನಿನ ಕಡೆಯಿಂದ ಅಂಚಿನ ಕಡೆಗೆ ತಳ್ಳಿ. ಎನ್95 ಮಾಸ್ಕ್, ಗ್ಲೌಸ್ ಬೇಕೇ ಬೇಕು. ಉಬ್ಬಸ ಇರುವವರು ಆ ಕೆಲಸಕ್ಕೆ ಕೂರಬಾರದು.

ಬಿಸಿಲಿಗೆ ಹಾಕುವುದು ಅಂತ ನಮ್ಮಲ್ಲಿ ಎಲ್ಲದಕ್ಕೂ ಹೇಳುತ್ತಾರೆ. ಅಡಿಕೆಗೆ ಸರಿ, ಹಳೇ ಪುಸ್ತಕಕ್ಕೆ ಅಲ್ಲ. ನೇರ ಬಿಸಿಲು ಕಾಗದವನ್ನು ಇನ್ನೂ ಬೇಗ ಕೊಲ್ಲುತ್ತದೆ, ರಟ್ಟು ಸೊಟ್ಟಗಾಗುತ್ತದೆ. ಡಿಸೆಂಬರ್, ಜನವರಿಯ ಒಣ ಗಾಳಿಯಲ್ಲಿ, ನೆರಳಲ್ಲಿ, ಪುಸ್ತಕವನ್ನು ಸ್ವಲ್ಪ ಬಿಡಿಸಿ ನಿಲ್ಲಿಸಿಟ್ಟರೆ ಸಾಕು.

ಆರಿದ್ರ ಮಳೆ:

ಇಷ್ಟೆಲ್ಲಾ ಬಿಡಿಸಿ ಹೇಳಿದ್ದಕ್ಕೆ ತುಂಬಾ ಉಪಕಾರ. ಅಂಚು ಕಟ್ ಮಾಡುವ ಮಾತು ಅಧ್ಯಕ್ಷರ ಹತ್ತಿರ ಆಗಲೇ ಎತ್ತಿದೆ, ಬದಿಯ ಟಿಪ್ಪಣಿಗಳನ್ನು ತೋರಿಸಿದೆ, ಒಂದರಲ್ಲಿ ಅವರ ಅಜ್ಜನ ಕೈಬರಹವೇ ಇತ್ತು. ಒಪ್ಪಿದರು.

ಹುಳದ ವಿಷಯ ಉಳಿದಿದೆ. ನುಸಿಗುಳಿಗೆ ಬೇಡ ಅಂದರೆ ಬೇವಿನ ಸೊಪ್ಪು, ಬಜೆ ಇಡಬಹುದಾ? ಮೈಸೂರಿನಲ್ಲಿ ಹಸ್ತಪ್ರತಿಗಳಿಗೆ ಯಾವುದೋ ಎಣ್ಣೆ ಹಚ್ಚುತ್ತಾರೆ ಅಂತ ಒಬ್ಬರು ಹೇಳಿದರು, ಅದು ಹೇಗೆ?

ಕಾಗದದ ಕೆಲಸ:

ಎಣ್ಣೆ ಹಚ್ಚುವುದು ತಾಳೆಗರಿಗೆ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ, 1891ರಲ್ಲಿ ಓರಿಯಂಟಲ್ ಲೈಬ್ರರಿ ಅಂತ ಶುರುವಾಯಿತಲ್ಲ, ಅಲ್ಲಿ ಗರಿಗಳನ್ನು ಶುಚಿ ಮಾಡಿ ಸಿಟ್ರೊನೆಲ್ಲಾ ಎಣ್ಣೆ ಸವರುತ್ತಾರೆ. ಒಣಗಿದ ಗರಿ ಅದರಿಂದ ಮತ್ತೆ ಬಾಗುವಂತಾಗುತ್ತದೆ, ಹುಳುವೂ ದೂರ. ಕಾಗದಕ್ಕೆ ಎಣ್ಣೆ ತಾಗಿದರೆ ಕಲೆ, ಅಷ್ಟೇ. ಇದನ್ನು ಒತ್ತಿ ಹೇಳಲು ಕಾರಣ ಇದೆ, ಒಂದು ಕಡೆ ಯಾರೋ ಭಕ್ತಿಯಿಂದ ಹಳೇ ಮುದ್ರಿತ ಪುಸ್ತಕಗಳಿಗೆ ಎಣ್ಣೆ ಸವರಿದ್ದನ್ನು ನೋಡಿದ್ದೇನೆ.

ಬೇವು, ಬಜೆ ವಾಸನೆಗೆ ಹುಳು ಸ್ವಲ್ಪ ಹಿಂದೆ ಸರಿಯಬಹುದು, ಒಳಗೆ ಸೇರಿದ್ದು ಸಾಯುವುದಿಲ್ಲ. ಇಡುವುದಾದರೆ ಚೆನ್ನಾಗಿ ಒಣಗಿಸಿ, ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಕಪಾಟಿನ ಮೂಲೆಯಲ್ಲಿ ಇಡಿ. ಪುಟಗಳ ನಡುವೆ ಎಲೆ ಇಡಲೇಬೇಡಿ, ಎಲೆಯ ಆಕಾರದಲ್ಲೇ ಕಂದು ಕಲೆ ಬೀಳುತ್ತದೆ. ನುಸಿಗುಳಿಗೆಯ ನ್ಯಾಫ್ತಲೀನ್ ಆವಿ ಮುಚ್ಚಿದ ಕೋಣೆಯಲ್ಲಿ ಓದುವವರಿಗೂ ಕೆಲಸ ಮಾಡುವವರಿಗೂ ಒಳ್ಳೆಯದಲ್ಲ. ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಹುಟ್ಟಿನಿಂದ ಇರುವ ಮಕ್ಕಳಿಗೆ ರಕ್ತಕ್ಕೇ ತೊಂದರೆ ಮಾಡುತ್ತದೆ. ವಾಚನಾಲಯಕ್ಕೆ ಮಕ್ಕಳು ಬರಬೇಕಲ್ವಾ.

ಮೊದಲು ಯಾವ ಹುಳು ಅಂತ ನೋಡಿ. ಹಾಳೆಯ ಮೇಲ್ಮೈ ಕೆರೆದ ಹಾಗೆ, ಅಂಚು ಅಂಕುಡೊಂಕಾಗಿ ಇದ್ದರೆ ಸಿಲ್ವರ್ ಫಿಶ್, ಆ ಬೆಳ್ಳಿ ಬಣ್ಣದ ಓಡುವ ಹುಳು. ಅದಕ್ಕೆ ಅಂಟು, ಗಂಜಿ ಇಷ್ಟ, ಥಂಡಿ ಇಷ್ಟ. ತೇವ ಇಳಿದರೆ ಅದೂ ಕಡಿಮೆಯಾಗುತ್ತದೆ. ಸೂಜಿಯಲ್ಲಿ ಚುಚ್ಚಿದಂಥ ದುಂಡು ತೂತು ಹಾಳೆಯಿಂದ ಹಾಳೆಗೆ ಹಾದು ಹೋಗಿದ್ದರೆ ಅದು ದುಂಬಿ ಜಾತಿಯ ಹುಳದ ಮರಿ. ಈಗಲೂ ಜೀವಂತ ಇದೆಯಾ ತಿಳಿಯಲು ಆ ಪುಸ್ತಕವನ್ನು ಕಪ್ಪು ಕಾಗದದ ಮೇಲೆ ಇಟ್ಟು ಒಂದು ವಾರ ಬಿಡಿ. ಸಣ್ಣ ಹಿಟ್ಟಿನಂಥ ಹೊಸ ಪುಡಿ ಬಿದ್ದಿದ್ದರೆ ಒಳಗೆ ಇನ್ನೂ ತಿನ್ನುತ್ತಿದೆ. ಪುಡಿ ಇಲ್ಲದಿದ್ದರೆ ತೂತು ಹಳೆಯದಿರಬಹುದು, ಇನ್ನೂ ಕೆಲವು ವಾರ ಹಾಗೇ ಇಟ್ಟು ನೋಡಿ ಸುಮ್ಮನಿರಿ.

ಕಡಲ ಗಾಳಿ:

ಜೀವಂತ ಇದ್ದರೆ ಡೀಪ್ ಫ್ರೀಜರ್. ಔಷಧಿಯೇ ಬೇಡ. ಪುಸ್ತಕವನ್ನು ದಪ್ಪ ಪಾಲಿಥಿನ್ ಚೀಲದಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು, ಬಾಯಿ ಟೇಪ್ ಹಾಕಿ ಮುಚ್ಚಿ. ಮೈನಸ್ 20 ಡಿಗ್ರಿಯಲ್ಲಿ ಕನಿಷ್ಠ ಒಂದು ವಾರ, ಎರಡು ವಾರ ಇಟ್ಟರೆ ನಿಶ್ಚಿಂತೆ. ಐಸ್‌ಕ್ರೀಮ್ ಇಡುವ ಡೀಪ್ ಫ್ರೀಜರ್ ಸಾಮಾನ್ಯವಾಗಿ ಅಷ್ಟರ ಹತ್ತಿರ ಇರುತ್ತದೆ. ಮನೆ ಫ್ರಿಜ್ಜಿನ ಮೇಲಿನ ಖಾನೆ ನಂಬಬೇಡಿ. ತೆಗೆದ ಮೇಲೆ ಇಡೀ ಒಂದು ದಿನ ಚೀಲ ಬಿಚ್ಚಬಾರದು. ತಣ್ಣಗಿರುವಾಗಲೇ ಬಿಚ್ಚಿದರೆ ಪುಸ್ತಕದ ಮೇಲೆ ನೀರು ಕೂರುತ್ತದೆ. ಚರ್ಮದ ಹೊದಿಕೆ ಇರುವುದನ್ನು, ಫೋಟೋ ಅಂಟಿಸಿದ್ದನ್ನು ಮಾತ್ರ ಕೇಳದೆ ಹಾಕಬೇಡಿ.

ಮಾಡು ಸೋರಿ ಪುಸ್ತಕ ನೆನೆದರೂ ಇದೇ ಉಪಾಯ. ಎರಡು ದಿನದೊಳಗೆ ಒಣಗಿಸಲು ಆಗದಿದ್ದರೆ ಫ್ರೀಜರ್‌ಗೆ ಹಾಕಿ ಸಮಯ ಗಳಿಸಿ. 1966ರ ನವೆಂಬರ್‌ನಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ಆರ್ನೋ ನದಿ ಉಕ್ಕಿ ರಾಷ್ಟ್ರೀಯ ಗ್ರಂಥಾಲಯದ ಲಕ್ಷಗಟ್ಟಲೆ ಪುಸ್ತಕ ಕೆಸರಲ್ಲಿ ಮುಳುಗಿದವು. ದೇಶದೇಶದ ವಿದ್ಯಾರ್ಥಿಗಳು ಬಂದು ಕೈಯಿಂದ ಕೈಗೆ ದಾಟಿಸಿ ಹೊರಗೆ ತಂದರು. ಇವತ್ತು ಲೈಬ್ರರಿಯವರಿಗೆ ನೆನೆದ ಪುಸ್ತಕದ ಬಗ್ಗೆ ಗೊತ್ತಿರುವುದರಲ್ಲಿ ಎಷ್ಟೋ ಅಲ್ಲಿಂದ ಕಲಿತದ್ದು.

ಪುಟದ ಚಿತ್ರ ಉತ್ತರ:

ಸ್ಕ್ಯಾನಿಂಗ್ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ನಾನು. ಎಲ್ಲವನ್ನೂ ಸ್ಕ್ಯಾನ್ ಮಾಡಲು ಹೊರಡಬೇಡಿ. ಕಿಟೆಲ್ ನಿಘಂಟು ಮರುಮುದ್ರಣ ಆಗಿದೆ, ನೆಟ್‌ನಲ್ಲೂ ಸಿಗುತ್ತದೆ. ನಿಮ್ಮ ಪ್ರತಿಯನ್ನು ಜೋಪಾನ ಮಾಡಿ, ಸ್ಕ್ಯಾನ್‌ಗೆ ಸಮಯ ಹಾಕಬೇಡಿ. ಮೊದಲು ಪಟ್ಟಿ ಮಾಡಿ: ಹೆಸರು, ವರ್ಷ, ಪ್ರೆಸ್ಸು, ಊರು, ಸ್ಥಿತಿ. ಪುಸ್ತಕದ ಮೇಲೆ ನಂಬರ್ ಬರೆಯುವುದಿದ್ದರೆ ಮೆತ್ತನೆ ಪೆನ್ಸಿಲ್‌ನಲ್ಲಿ. ಹೊಸ ರಬ್ಬರ್ ಸ್ಟ್ಯಾಂಪ್ ಹೊಡೆಯಬೇಡಿ. ಆಮೇಲೆ ಒಂದೊಂದನ್ನೂ ಇಂಟರ್ನೆಟ್ ಆರ್ಕೈವ್ (archive.org) ಅನ್ನುವ ಜಾಲತಾಣದಲ್ಲಿ ಹುಡುಕಿ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಎಷ್ಟೋ ಕನ್ನಡ ಪುಸ್ತಕ ಅಲ್ಲಿವೆ. ಕನ್ನಡ ಹೆಸರು ರೋಮನ್ ಅಕ್ಷರದಲ್ಲಿ ಹೇಗೆಂದರೆ ಹಾಗೆ ಬರೆದಿರುತ್ತಾರೆ, ಎರಡು ಮೂರು ರೀತಿ ಹುಡುಕಬೇಕು. ಸಿಕ್ಕಿದರೂ ಪುಟ ಎಣಿಸಿ ನೋಡಿ, ಬಿಟ್ಟುಹೋದ ಪುಟಗಳು, ಅಂಚು ಕತ್ತರಿಸಿದ ಚಿತ್ರಗಳು ಬಹಳ.

ಎಲ್ಲೂ ಸಿಗದಿರುವುದೇ ನಿಮ್ಮ ನಿಜವಾದ ಆಸ್ತಿ. ನನ್ನ ಪ್ರಕಾರ ಅದು ನಡವಳಿ ಪುಸ್ತಕಗಳು, ಪ್ರಸಂಗದ ಪುಸ್ತಿಕೆಗಳು, ಪಂಚಾಂಗಗಳು. ನಡವಳಿ ಪುಸ್ತಕ ಜಗತ್ತಲ್ಲಿ ಇರುವುದೇ ಒಂದು ಪ್ರತಿ. ಯಾವ ವರ್ಷ ಯಾವ ಪತ್ರಿಕೆ ತರಿಸಿದರು, ಚಂದಾ ಯಾರು ಕೊಟ್ಟರು, ಯಾರನ್ನು ಒಳಗೆ ಬಿಡಬೇಕು ಅಂತ ಜಗಳ ಆಯಿತಾ, ಹೆಂಗಸರು ಎಂದಿನಿಂದ ಬರಲು ಶುರು ಮಾಡಿದರು, ಇವೆಲ್ಲಾ ಇರುವುದಿದ್ದರೆ ಅದರಲ್ಲೇ. ದಯವಿಟ್ಟು ಅಲ್ಲಿಂದ ಶುರು ಮಾಡಿ.

ಮೇಜಿನ ಸ್ಕ್ಯಾನರ್ ಮೇಲೆ ಪುಸ್ತಕ ಕವುಚಿ ಒತ್ತಬಾರದು, ಬೆನ್ನು ಒಡೆಯುತ್ತದೆ. ಎರಡು ಹಲಗೆಯನ್ನು ವಿ ಆಕಾರದಲ್ಲಿ ಜೋಡಿಸಿ, ಪುಸ್ತಕ ಅದರಲ್ಲಿ ಅರ್ಧ ಮಾತ್ರ ತೆರೆಯಲಿ. ಮೇಲೆ ಸ್ಟ್ಯಾಂಡಿನಲ್ಲಿ ಕ್ಯಾಮೆರಾ ಅಥವಾ ಒಳ್ಳೆ ಫೋನ್. ಫ್ಲಾಶ್ ಬೇಡ, ಕಿಟಕಿಯ ಬೆಳಕು ಒಂದೇ ಕಡೆಯಿಂದ ಬರಲಿ. ಮೂಲ ಚಿತ್ರಗಳನ್ನು ಹಾಗೇ ಇಟ್ಟುಕೊಳ್ಳಿ, ಎರಡು ಹಾರ್ಡ್ ಡಿಸ್ಕ್, ಎರಡು ಬೇರೆ ಮನೆಯಲ್ಲಿ. ನೆಟ್‌ಗೆ ಹಾಕುವ ಮೊದಲು ಹಕ್ಕು ನೋಡಿ: ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಕಳೆದಿರಬೇಕು.

ಕಾಗದದ ಕೆಲಸ:

ನಡವಳಿ ಪುಸ್ತಕದ ಮಾತು ನೂರಕ್ಕೆ ನೂರು ಸರಿ. ಅದಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಆ ಕಾಲದ ಪೆನ್ನಿನ ಶಾಯಿ ಬಹಳಷ್ಟು ನೀರಿಗೆ ಕದಡುತ್ತದೆ. ಅಂಟು ಹಚ್ಚುವುದು, ಒದ್ದೆ ಬಟ್ಟೆ ತಾಗಿಸುವುದು ಯಾವುದೂ ಬೇಡ. ಬ್ರಷ್‌ನಿಂದ ಧೂಳು ತೆಗೆದು ಬಟ್ಟೆಯಲ್ಲಿ ಸುತ್ತಿಡಿ. ಬಟ್ಟೆ ಬಣ್ಣ ಹಾಕದ ಹತ್ತಿಯದ್ದಾಗಿರಲಿ, ಎರಡು ಸಲ ಒಗೆದು ಗಂಜಿ ಪೂರ್ತಿ ಹೋಗಿರಲಿ. ಗಂಜಿ ಉಳಿದರೆ ಸಿಲ್ವರ್ ಫಿಶ್‌ಗೆ ಊಟ. ಕೆಂಪು ಬಟ್ಟೆಯ ರೂಢಿ ಹಳೆಯದು, ಆದರೆ ನೆನೆದರೆ ಬಣ್ಣ ಬಿಡುತ್ತದೆ. ಕಟ್ಟಲು ಅಗಲ ಲಾಡಿ ಬಳಸಿ, ಸಣ್ಣ ದಾರ ಅಂಚನ್ನು ಕೊಯ್ಯುತ್ತದೆ.

ತೀರಾ ಹಾಳಾದವಕ್ಕೆ ತಜ್ಞರ ಸಲಹೆ ಬೇಕಾದರೆ ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯ ಇದೆ, ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತಿನ ಜೊತೆ ಇಂಟಾಕ್ ಅನ್ನುವ ಪರಂಪರೆ ಉಳಿಸುವ ಸಂಸ್ಥೆ ನಡೆಸುವ ಸಂರಕ್ಷಣಾ ಕೇಂದ್ರ ಇದೆ. ಪುಸ್ತಕ ಹೊತ್ತುಕೊಂಡು ಹೋಗುವ ಮೊದಲು ಫೋಟೋ ಕಳಿಸಿ ಕೇಳಿ.

ಆರಿದ್ರ ಮಳೆ:

ಸಭೆ ಮುಗಿಯಿತು. ಲ್ಯಾಮಿನೇಷನ್ ಇಲ್ಲ, ಕಟಿಂಗ್ ಇಲ್ಲ, ನುಸಿಗುಳಿಗೆ ಇಲ್ಲ. ಹಣದಲ್ಲಿ ಮೊದಲು ಹಂಚು ಸರಿ ಮಾಡಿಸಿ, ಉಳಿದದ್ದರಲ್ಲಿ ತೇವ ಹೀರುವ ಮಷಿನ್ ಮತ್ತು ಬಟ್ಟೆ. ದಾನಿಗೆ ಹೊಸ ರಟ್ಟಿನ ಮೇಲೆ ಅಪ್ಪನ ಹೆಸರು ಹಾಕಿಸುವ ಆಸೆ ಇತ್ತು. ಪುಸ್ತಕದ ಬದಲು ಕಪಾಟಿನ ಮೇಲೆ ಹಾಕೋಣ ಅಂದೆವು, ಖುಷಿಯಿಂದ ಒಪ್ಪಿದರು. ಕಾಲೇಜಿನ ಮೂರು ಜನ ಹುಡುಗಿಯರು ಪಟ್ಟಿ ಮಾಡಲು ಶುರು ಮಾಡಿದ್ದಾರೆ.

ಒಂದೇ ಪ್ರಶ್ನೆ ಉಳಿದಿದೆ. ನಡವಳಿ ಪುಸ್ತಕ ಒಂದರ ಹೊಲಿಗೆ ಪೂರ್ತಿ ಬಿಚ್ಚಿ ಹಾಳೆ ಬಿಡಿಬಿಡಿ ಆಗಿವೆ. ಈಗಲೇ ಹೊಲಿಸುವುದಾ?

ಹೊಲಿಗೆ ರಟ್ಟು:

ಈಗ ಬೇಡ ಸರ್. ಬಿಡಿ ಹಾಳೆ ಇರುವಾಗಲೇ ಸ್ಕ್ಯಾನ್ ಮುಗಿಸಿಬಿಡಿ, ಅಷ್ಟು ಸಲೀಸು ಮತ್ತೆ ಸಿಗುವುದಿಲ್ಲ. ಹಾಳೆಗಳ ಕ್ರಮ ತಪ್ಪದ ಹಾಗೆ ಕೆಳಗೆ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ನಂಬರ್ ಹಾಕಿ, ಮೇಲೆ ಕೆಳಗೆ ರಟ್ಟು ಇಟ್ಟು ಲಾಡಿ ಕಟ್ಟಿಡಿ. ರಟ್ಟಿಗೂ ಹಾಳೆಗೂ ನಡುವೆ ಒಳ್ಳೆ ಬಿಳಿ ಕಾಗದ ಇರಲಿ. ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ಹಳೇ ತೂತುಗಳಲ್ಲೇ ದಾರ ಹಾಕಿ ಹೊಲಿಯಬಹುದು, ಬೆನ್ನಿಗೆ ಅಂಟು ಹಚ್ಚುವುದೇ ಬೇಡ. ಹಾಳೆಗಳು ಮಧ್ಯಕ್ಕೆ ಮಡಿಚಿದ ಜೋಡಿಗಳಾಗಿವೆಯಾ, ಒಂಟಿ ಹಾಳೆಗಳಾ ಅಂತ ಒಂದು ಫೋಟೋ ಹಾಕಿ. ಅದರ ಮೇಲೆ ಯಾವ ಹೊಲಿಗೆ ಅಂತ ಹೇಳುತ್ತೇನೆ.